ಬಿರುಕಿನ ಮೇಲಿನ ಸೂಚನಾ ಫಲಕ

ಶನಿವಾರದ ಪ್ರತಿಭಾ ಕಾರಂಜಿಗೆ ಬರುವ ಅಧಿಕಾರಿಗಳ ಕಣ್ಣಿಗೆ ಬೀಳದಿರಲೆಂದು, ಹಳ್ಳಿಶಾಲೆಯವರು ತರಗತಿಯ ಗೋಡೆಯ ಬಿರುಕಿನ ಮೇಲೆ ಸೂಚನಾ ಫಲಕವನ್ನು ತೂಗುಹಾಕಿದರು. ಊರಿಗೆಲ್ಲ ಶಾಲೆಯ ಸುದ್ದಿ ತನ್ನಿಂದಲೇ ಎಂದು ಫಲಕಕ್ಕೆ ಎಲ್ಲಿಲ್ಲದ ಹೆಮ್ಮೆ.

"ಫಲಕರಾಯರೇ, ನನ್ನದೂ ಒಂದು ಸುದ್ದಿಯಿದೆ," ಎಂದಿತು ಗೋಡೆ. "ಇನ್ನೊಂದು ಮಳೆ ತಾಳಲಾರೆ. ಒಳಗೆ ಮಕ್ಕಳಿದ್ದಾರೆ."

"ಮುಖ್ಯೋಪಾಧ್ಯಾಯರ ಸಹಿ, ಮೊಹರು ಇದೆಯೇ?"

"ಬಿರುಕಿಗೆ ಯಾರು ಮೊಹರು ಒತ್ತುತ್ತಾರೆ, ಸ್ವಾಮಿ? ನೀವು ಒಂದು ಗೇಣು ಪಕ್ಕಕ್ಕೆ ಸರಿದರೆ ಸಾಕು, ಬಿರುಕು ಕಂಡ ಊರಿನವರೇ ನೋಡಿಕೊಳ್ಳುತ್ತಾರೆ."

"ಸರಿದರೆ ಸೊಟ್ಟಗೆ ಕಾಣುತ್ತೇನೆ. ಅಧಿಕಾರಿಗಳು ಬರುವಾಗ ಅದು ಶೋಭೆಯಲ್ಲ."

ಶುಕ್ರವಾರ ಮಧ್ಯಾಹ್ನದ ಮಳೆಗೆ ಗೋಡೆ ಕುಸಿಯಿತು. ಕೈಗೆ ಸಿಕ್ಕ ಹಲಗೆ ಅದೊಂದೇ ಆದ್ದರಿಂದ, ಊರಿನವರು ಎರಡನೇ ತರಗತಿಯ ಭೂಮಿಕಾಳ ಶವವನ್ನು ಫಲಕದ ಮೇಲೆಯೇ ಮಲಗಿಸಿ ಅವಳ ತಾಯಿಯ ಮನೆಗೆ ಹೊತ್ತುಕೊಂಡು ಹೋದರು.