ಧಾರೆಯಲ್ಲಿ ನೆಂದ ವಾಚಿನ ಬೆಲ್ಟು

"ಗುರುಗಳೇ, ತಪ್ಪು ಮಾಡಿದವನು ಅದನ್ನು ಸರಿಪಡಿಸಿ ಆಮೇಲೆ ಹೇಳಬೇಕೋ, ಹೇಳಿ ಆಮೇಲೆ ಸರಿಪಡಿಸಬೇಕೋ?"

ಹೊನ್ನಪ್ಪ ಹೀಗೆ ಕೇಳಿದಾಗ ಗುರುಗಳು ಆಶ್ರಮದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಮ್ಮೆ ತಲೆ ಎತ್ತಿ ನೋಡಿದರು.

"ಯಾರ ತಪ್ಪು?"

"ಯಾರದ್ದಾದರೂ ಅಂತ ಇಟ್ಟುಕೊಳ್ಳಿ."

"ಯಾರದ್ದಾದರೂ ಆದರೆ ನಿನ್ನ ಮುಖ ಯಾಕಯ್ಯ ಇಷ್ಟು ಬಾಡಿದೆ? ನೆಟ್ಟಗೆ ಹೇಳು."

ಹೊನ್ನಪ್ಪ ಹೇಳಿದ. ಭಜನೆಗೆಂದು ಅಕ್ಕನ ಹಾರ್ಮೋನಿಯಂ ತಂದಿದ್ದ. ಕೈಜಾರಿ ಬಿತ್ತು. ಈಗ ಎರಡು ಸ್ವರ ನುಡಿಯುತ್ತಿಲ್ಲ. ರಿಪೇರಿ ಮಾಡಿಸಿ, ಒಯ್ದು ಕೊಟ್ಟು, ಆಮೇಲೆ ಹೇಳೋಣವೆಂದುಕೊಂಡ. ರಿಪೇರಿ ಮಾಡುವವರು ಸಿಗಲಿಲ್ಲ. ಮೂರು ತಿಂಗಳಾಯಿತು. ಅಕ್ಕನ ಮನೆ ಎರಡೇ ಬೀದಿ ಆಚೆ. ಈಗ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾನೆ.

"ಕೂತುಕೋ. ಕೈ ಖಾಲಿ ಇಟ್ಟುಕೊಂಡು ಕತೆ ಕೇಳಬೇಡ, ಕಾಯಿ ಸುಲಿ" ಎಂದು ಗುರುಗಳು ಮೊರವನ್ನು ಇಬ್ಬರ ನಡುವೆ ಸರಿಸಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಮದುವೆ ಗೊತ್ತಾಯಿತು. ಹುಡುಗಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ನಿಶ್ಚಿತಾರ್ಥದ ದಿನ ಅವಳು ಹುಡುಗನ ಮುಖ ನೋಡುವುದಕ್ಕೆ ನಾಚಿಕೊಂಡು ಅವನ ಕೈ ನೋಡಿದಳು. ಕೈಯಲ್ಲಿ ಅವನ ತಂದೆಯ ಕಾಲದ ವಾಚಿತ್ತು. ವಾಚು ಚೆನ್ನಾಗಿತ್ತು. ಬೆಲ್ಟು ಮಾತ್ರ ಹರಿದಿತ್ತು. ದರ್ಜಿಯಲ್ಲವೇ, ಅದನ್ನೂ ದಾರದಲ್ಲಿ ಹೊಲಿದುಕೊಂಡಿದ್ದ! ಹುಡುಗಿಗೆ ನಗು ಬಂತು. ಅವತ್ತೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಳು.

ಹುಡುಗನ ತಾಯಿಗೆ ಗುಟ್ಟಾಗಿ ಹೇಳಿಕಳಿಸಿ, ಬೆಲ್ಟು ಕೂರುವ ಜಾಗದ ಅಗಲವನ್ನು ಒಂದು ಕಾಗದದ ಮೇಲೆ ಗುರುತು ಹಾಕಿಸಿ ತರಿಸಿಕೊಂಡಳು. ಅದನ್ನು ಹಿಡಿದು ವಾಚಿನ ಅಂಗಡಿಗೆ ಹೋದಳು. ಅಂಗಡಿಯವನು ಮುದುಕ. ಬೆಲ್ಟು ತೋರಿಸುವ ಮೊದಲು ಕಟ್ಟುವವರ ಕೆಲಸವೇನು, ಕೈ ನೀರಿನಲ್ಲಿ ಇರುತ್ತದೆಯೇ, ತುಂಬ ಬೆವರುತ್ತದೆಯೇ ಎಂದೆಲ್ಲ ವಿಚಾರಿಸುವ ಜಾತಿ. ದರ್ಜಿ ಎಂದಾಗ, ಒಣಗಿದ ಕೈ, ಹಾಗಾದರೆ ಸ್ವೀಡ್ ನಡೆಯುತ್ತದೆ ಎಂದ.

ಸ್ವೀಡ್ ಅಂದರೆ ಗೊತ್ತೇನಯ್ಯ? ಚರ್ಮದ ಹೊರಮೈ ನುಣುಪು. ಅದರ ಒಳಮೈಯನ್ನು ಉಜ್ಜಿ ಉಜ್ಜಿ ಸಣ್ಣ ಜುಂಗು ಎಬ್ಬಿಸುತ್ತಾರೆ. ಮುಟ್ಟಿದರೆ ಮಖಮಲ್ಲಿನ ಹಾಗೆ ಇರುತ್ತದೆ. ಹುಡುಗಿ ಒಂದು ಗಂಟೆ ನಿಂತು ಆರಿಸಿದಳು. ಬೆರಳಿನಿಂದ ಒಂದು ಗೆರೆ ಎಳೆಯುವಳು, ಗೆರೆ ಮೂಡಬೇಕು. ಎದುರು ದಿಕ್ಕಿಗೆ ಸವರುವಳು, ಗೆರೆ ಮಾಯವಾಗಬೇಕು. ಕೈಗೆ ತಾಗುವ ಕಡೆ ನುಣುಪು ಚರ್ಮದ ಅಸ್ತರು ಇದೆಯೇ ಎಂದು ತಿರುಗಿಸಿ ನೋಡಿದಳು. ಕಪ್ಪು ಬೇಡವೆಂದು ಗೋದಿ ಬಣ್ಣದ್ದನ್ನು ತೆಗೆದುಕೊಂಡಳು. ತಿಳಿ ಬಣ್ಣಕ್ಕೆ ಕಲೆ ಬೇಗ ಹಿಡಿಯುತ್ತದಮ್ಮ, ನೀರು ಸೋಕಿಸಬೇಡಿ ಎಂದು ಮುದುಕ ಎರಡು ಸಲ ಹೇಳಿದ. ಅವಳೂ ಕಿವಿಯಲ್ಲಿ ಹಾಕಿಕೊಂಡಳು. ಮದುವೆಯ ಹಿಂದಿನ ದಿನ ತಮ್ಮನ ಕೈಯಲ್ಲಿ ಬೆಲ್ಟನ್ನು ಕಳಿಸಿದಳು. ಮದುಮಗಳ ತಲೆಯಲ್ಲಿ ಅವತ್ತು ನೂರೆಂಟು ಯೋಚನೆ. ನೀರಿನ ಮಾತನ್ನು ಹೇಳಿ ಕಳಿಸುವುದು ಮರೆತುಹೋಯಿತು.

ದರ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಮುಹೂರ್ತದ ಹೊತ್ತಿಗೆ ಪುರೋಹಿತರು, ವಾಚು ಬಿಚ್ಚಿಡಪ್ಪ ಎಂದರು. ಇವನು ಇರಲಿ ಬಿಡಿ ಎಂದ. ಯಾಕೆ ಹೇಳು? ತೆರೆ ಸರಿದ ಕೂಡಲೇ ಅವಳು ಅದನ್ನು ನೋಡಬೇಕು ಅಂತ! ಅವಳು ನೋಡಿದಳು ಕೂಡ. ಕಣ್ಣಲ್ಲೇ ನಕ್ಕಳು. ಇವನ ಹಿಗ್ಗು ಮುಗಿಲು ಮುಟ್ಟಿತು.

ಆಮೇಲೆ ಧಾರೆ. ಇಬ್ಬರ ಕೈ ಸೇರಿಸಿ ತೆಂಗಿನಕಾಯಿ ಹಿಡಿಸಿದರು. ಅಪ್ಪ ಅಮ್ಮ ಎರೆದರು. ಸೋದರಮಾವ ಎರೆದ. ನೆಂಟರೆಲ್ಲ ಸಾಲುಗಟ್ಟಿ ಬಂದು ಒಬ್ಬೊಬ್ಬರು ಒಂದೊಂದು ಚಮಚ ಹಾಲು. ನಮ್ಮ ಜನಕ್ಕೆ ಧಾರೆಯ ಚಮಚ ಕೈಗೆ ಸಿಕ್ಕಿದರೆ ಒಂದಕ್ಕೆ ಎರಡು ಎರೆಯದೆ ಬಿಡುತ್ತಾರೆಯೇ? ಹಾಲು ಬೆರಳ ಸಂದಿಯಲ್ಲಿ ಇಳಿದು ಮಣಿಕಟ್ಟಿಗೆ ಬಂತು. ಕೈ ತೆಗೆಯುವ ಹಾಗಿಲ್ಲ. ದರ್ಜಿ ನೋಡುತ್ತಲೇ ಇದ್ದ, ಗೋದಿ ಬಣ್ಣ ಕಂದಾಯಿತು, ಕಂದು ಕಪ್ಪಾಯಿತು.

ಹೋಗಲಿ, ಅಲ್ಲಿಗೆ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ. ಒಣ ಬಟ್ಟೆಯಿಂದ ಒತ್ತಿ ನೆರಳಲ್ಲಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಇವನು ಬಿಡಬೇಕಲ್ಲ! ಊಟದ ಗಲಾಟೆಯಲ್ಲಿ ಬಚ್ಚಲಿಗೆ ನುಗ್ಗಿ ಸೋಪು ಹಾಕಿ ತಿಕ್ಕಿದ. ಜುಂಗೆಲ್ಲ ಮುದ್ದೆಯಾಯಿತು. ಬೇಗ ಒಣಗಲೆಂದು ಅಡುಗೆಯವರ ಒಲೆಯ ಪಕ್ಕ ಇಟ್ಟ. ಹಪ್ಪಳದ ಹಾಗೆ ಸೆಟೆದುಕೊಂಡಿತು. ಅವನಪ್ಪ ಚಪ್ಪಲಿ ಗಟ್ಟಿಯಾದರೆ ಎಣ್ಣೆ ಹಚ್ಚುತ್ತಿದ್ದದ್ದು ನೆನಪಾಗಿ, ಇದಕ್ಕೂ ಕೊಬ್ಬರಿ ಎಣ್ಣೆ ಹಚ್ಚಿದ. ಅಲ್ಲಿಗೆ ಅದರ ಕತೆ ಮುಗಿಯಿತು.

ಮಖಮಲ್ಲಿನ ರವಿಕೆ ಹೊಲಿಯುವ ಕೈ ಅದು ಹೊನ್ನಪ್ಪ! ಜುಂಗಿರುವ ಬಟ್ಟೆಯನ್ನು ಒದ್ದೆ ಮಾಡಿ ತಿಕ್ಕಬಾರದು ಅಂತ ಗಿರಾಕಿಗಳಿಗೆ ತಾನೇ ಬುದ್ಧಿ ಹೇಳುತ್ತಿದ್ದವನು. ಹೆದರಿದಾಗ ಕಲಿತದ್ದೆಲ್ಲ ಮರೆತುಹೋಗುತ್ತದೆ.

ಬೆಲ್ಟನ್ನು ಒಂದು ಚಿಂದಿಯಲ್ಲಿ ಸುತ್ತಿ ಹೊಲಿಗೆ ಯಂತ್ರದ ಡ್ರಾಯರಿನ ತಳದಲ್ಲಿ ಇಟ್ಟ. ಸರಿಮಾಡಿ ಆಮೇಲೆ ಹೇಳೋಣ ಎಂದುಕೊಂಡ. ನಿನ್ನ ಹಾಗೆಯೇ.

ವಾರ ಕಳೆದ ಮೇಲೆ ಹೆಂಡತಿ ಕೇಳಿದಳು. "ವಾಚು ಯಾಕೆ ಕಟ್ಟಿಕೊಳ್ಳುತ್ತಿಲ್ಲ?"

"ಹೊಲಿಯುವಾಗ ಅಡ್ಡ ಬರುತ್ತೆ" ಎಂದ.

ಅವಳು ಹೂಂ ಎಂದಳು. ಮತ್ತೆ ಕೇಳಲಿಲ್ಲ.

ಮದುವೆಯಾದ ಹೊಸದರಲ್ಲಿ ಅವಳು ಊಟಕ್ಕೆ ಕೂತರೆ ಅಂಚೆ ಕಚೇರಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ವಿಳಾಸ ತಪ್ಪಿ ಬಂದ ಕಾಗದ, ಸಹಿ ಮಾಡಲು ಬಂದು ಕನ್ನಡಕ ಮರೆತು ಹೋದ ಅಜ್ಜ, ಹೀಗೆ. ಈಗ ಸುದ್ದಿ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಅನ್ನ ಬಡಿಸುವಳು, ಸಾಕೇ ಎನ್ನುವಳು, ಅಷ್ಟೇ. ಅತ್ತೆಯ ಹತ್ತಿರ ಮಾತಾಡುವಳು, ಪಕ್ಕದ ಮನೆಯವರ ಹತ್ತಿರ ನಗುವಳು, ಇವನು ಬಂದರೆ ಸುಮ್ಮನಾಗುವಳು. ತಾನು ಆರಿಸಿದ ಬೆಲ್ಟು ಗಂಡನಿಗೆ ಹಿಡಿಸಲಿಲ್ಲ ಎಂದು ಅವಳು ನೊಂದುಕೊಂಡಿದ್ದಾಳೆ ಎಂದು ದರ್ಜಿ ಅಂದುಕೊಂಡ. ನಿಜ ಹೇಳಿದರೆ, ಹಾಳು ಮಾಡಿದಿರಲ್ಲ ಎಂದು ಇನ್ನೂ ನೊಂದುಕೊಳ್ಳುತ್ತಾಳೆ ಎಂದೂ ಅಂದುಕೊಂಡ. ಹೀಗೆ ಒಂದೂವರೆ ತಿಂಗಳು.

ಒಂದು ದಿನ ಗಿರಾಕಿಯೊಬ್ಬರು ಮಖಮಲ್ಲಿನ ರವಿಕೆ ಹಿಡಿದು ಬಂದು ಜಗಳಕ್ಕೆ ನಿಂತರು. ಒಂದು ತೋಳಿನ ಜುಂಗು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಒಂದೇ ಬಟ್ಟೆ, ಎರಡು ಬಣ್ಣದ ಹಾಗೆ ಕಾಣುತ್ತಿತ್ತು. ಹತ್ತು ವರ್ಷದಲ್ಲಿ ಅವನ ಕತ್ತರಿ ಹೀಗೆ ತಪ್ಪಿರಲಿಲ್ಲ. ದರ್ಜಿ ಕ್ಷಮೆ ಕೇಳಿ, ಬೇರೆ ಬಟ್ಟೆಯಲ್ಲಿ ಹೊಲಿದುಕೊಡುತ್ತೇನೆಂದು ಅವರನ್ನು ಕಳಿಸಿದ. ಆಮೇಲೆ ಡ್ರಾಯರಿನಿಂದ ಚಿಂದಿಯ ಗಂಟು ತೆಗೆದುಕೊಂಡು ನೇರ ವಾಚಿನ ಅಂಗಡಿಗೆ ನಡೆದ.

ಮುದುಕ ಗಂಟು ಬಿಚ್ಚಿದ. ಕೆಟ್ಟ ಹಾಲಿನ ವಾಸನೆ ಬಂತು. ಅಂಚಿನಲ್ಲಿ ಬೂಷ್ಟು ಹಿಡಿದಿತ್ತು.

"ಅಯ್ಯಯ್ಯೋ, ಏನಪ್ಪಾ ಇದು! ನೀರು, ಸೋಪು, ಬೆಂಕಿ, ಎಣ್ಣೆ, ಯಾವುದನ್ನೂ ಬಿಟ್ಟಿಲ್ಲವಲ್ಲ ನೀನು!"

"ಹಾಳಾಯಿತೇ ಸ್ವಾಮಿ?"

"ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ, ಒಳ್ಳೆಯ ಚರ್ಮ. ಆರಿಸಿದ ಹುಡುಗಿಗೆ ಕಣ್ಣಿತ್ತು. ನಿನ್ನ ಹತ್ತಿರ ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣ ಇರುತ್ತದಲ್ಲ, ಪುಡಿ ಮಾಡಿ ಇದರ ಮೇಲೆ ಹರಡಿ ಒಂದು ದಿನ ಬಿಡು. ಪುಡಿ ಎಣ್ಣೆ ಕುಡಿಯುತ್ತದೆ. ಒದರಿ ಮತ್ತೆ ಹಾಕು. ಎಣ್ಣೆ ಹೋದ ಮೇಲೆ ಮೆತ್ತನೆಯ ಬ್ರಷ್ಷಿನಲ್ಲಿ ಒಣಗಿರುವಾಗಲೇ ಉಜ್ಜು, ಒಂದೇ ದಿಕ್ಕಿಗೆ. ಮಲಗಿದ ಜುಂಗು ನಿಧಾನವಾಗಿ ಏಳುತ್ತದೆ. ನೀರು ಮುಟ್ಟಿಸಬೇಡ, ಬಿಸಿಲಿಗೆ ಇಡಬೇಡ. ಎಂಟು ದಿನ ಹಿಡಿಯುತ್ತದೆ."

ದರ್ಜಿಗೆ ಹೋದ ಜೀವ ಬಂದ ಹಾಗಾಯಿತು. ಎಂಟು ದಿನ ತಾನೇ, ಅಂಗಡಿಯ ಡ್ರಾಯರಿನಲ್ಲಿಟ್ಟು ದಿನಾ ಮಾಡುತ್ತೇನೆ ಎಂದ.

ಮುದುಕ ರೇಗಿದ. "ಡ್ರಾಯರಿನಲ್ಲಿಟ್ಟೇ ಬೂಷ್ಟು ಬಂದದ್ದು! ಗಾಳಿಯಾಡುವ ಕಡೆ, ಕಿಟಕಿಯ ಹತ್ತಿರ ಇಡು. ಮುಚ್ಚಿಟ್ಟರೆ ಇದಕ್ಕೆ ವಾಸಿಯಿಲ್ಲ."

ದರ್ಜಿಯ ಅಂಗಡಿಗೆ ಕಿಟಕಿ ಇರಲಿಲ್ಲ. ಮನೆಗೆ ಇತ್ತು. ಒಂದೇ ಕಿಟಕಿ, ಅಡುಗೆಮನೆಯ ಪಕ್ಕದಲ್ಲಿ. ದಿನಕ್ಕೆ ಹತ್ತು ಸಲ ಅವಳು ಹಾದುಹೋಗುವ ಜಾಗ.

ಸಂಜೆ ಅವಳು ಕಚೇರಿಯಿಂದ ಬಂದಾಗ ದರ್ಜಿ ಕಿಟಕಿಯ ಹತ್ತಿರ ನಿಂತಿದ್ದ. ಒಂದು ಕಾಗದದ ಮೇಲೆ ಬೆಲ್ಟು ಇತ್ತು, ಮೇಲೆ ಬಿಳಿ ಪುಡಿ. ಅವಳ ಮುಖ ನೋಡುವ ಧೈರ್ಯವಿಲ್ಲದೆ ಗೋಡೆ ನೋಡಿಕೊಂಡೇ ಎಲ್ಲವನ್ನೂ ಹೇಳಿದ. ಧಾರೆಯ ಹಾಲು, ಸೋಪು, ಒಲೆ, ಎಣ್ಣೆ, ಡ್ರಾಯರು, ಕೊನೆಗೆ ತಾನು ಹೇಳಿದ ಸುಳ್ಳು. ಹೇಳಿ ಮುಗಿಸಿ ಬೈಗುಳಕ್ಕೆ ತಲೆಕೊಟ್ಟು ನಿಂತ.

ಅವಳು ಕೈಚೀಲ ಕೆಳಗಿಟ್ಟಳು. "ಅಲ್ಲಾ ರೀ, ಧಾರೆ ನಿಮ್ಮ ಕೈ ಮೇಲೆ ಮಾತ್ರ ಎರೆದರಾ? ನನ್ನ ಕೈಯೂ ಅಲ್ಲೇ ಇತ್ತಲ್ಲ. ಮೊದಲನೆಯ ಚಮಚ ಬಿದ್ದಾಗಲೇ ನಾನು ನೋಡಿದೆ."

ದರ್ಜಿ ಬಾಯಿ ಬಿಟ್ಟುಕೊಂಡು ನೋಡಿದ. "ಮತ್ತೆ ಇಷ್ಟು ದಿನ ಮಾತು ಬಿಟ್ಟದ್ದು?"

"ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಅಂತ ಕಾದೆ. ಅಡ್ಡ ಬರುತ್ತೆ ಅಂದಿರಿ. ಇಷ್ಟು ಚಿಕ್ಕದನ್ನೇ ನನ್ನ ಹತ್ತಿರ ಹೇಳಿಕೊಳ್ಳದವರು ದೊಡ್ಡದನ್ನು ಏನು ಹೇಳಿಯಾರು ಅನ್ನಿಸಿ ಹೆದರಿಕೆಯಾಯಿತು, ರೀ. ಬೆಲ್ಟು ಹೋದರೆ ಹೋಗಲಿ ಬಿಡಿ." ಹೀಗೆ ಹೇಳುತ್ತ ಅವಳಿಗೆ ಅಳು ಬಂತು. ಅಳುತ್ತಲೇ ಆ ಬೆಲ್ಟಿನ ಕಡೆ ನೋಡಿ ನಗುವೂ ಬಂತು. "ಕೊಬ್ಬರಿ ಎಣ್ಣೆ ಹಚ್ಚಿದಿರಾ! ಒಂದು ಒಗ್ಗರಣೆಯನ್ನೂ ಹಾಕಿಬಿಡಬೇಕಾಗಿತ್ತು!"

ದರ್ಜಿಯೂ ನಕ್ಕ. ನಗುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವತ್ತು ಊಟಕ್ಕೆ ಕೂತಾಗ ಅವಳು ಬಾಕಿ ಉಳಿದ ಸುದ್ದಿಯೆಲ್ಲ ಹೇಳಿದಳು. ಸಾರು ಆರಿಹೋಯಿತು, ಇಬ್ಬರಿಗೂ ಗೊತ್ತಾಗಲಿಲ್ಲ.

ಎಂಟು ದಿನ ಇಬ್ಬರೂ ಸರದಿಯಂತೆ ಬ್ರಷ್ಷು ಹಿಡಿದರು. ಜುಂಗು ಎದ್ದಿತು, ವಾಸನೆ ಹೋಯಿತು. ಬಕಲಿನ ಹತ್ತಿರ ಒಂದು ಕಲೆ ಮಾತ್ರ ಹೋಗಲೇ ಇಲ್ಲ. ಅವನು ಅದನ್ನು ಕಟ್ಟಿಕೊಂಡೇ ಓಡಾಡಿದ. ಮದುವೆ ಮನೆಗೆ ಹೋದಾಗ ಮಾತ್ರ, ಯಾರೂ ಹೇಳದಿದ್ದರೂ, ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಮೊರ ನೋಡಿದರು. ಹೊನ್ನಪ್ಪ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕಿದ್ದ. ಅಪರೂಪಕ್ಕೆ ಗುರುಗಳು ಬೈಯಲಿಲ್ಲ.

ಅವನ್ನು ಬೇರೆ ಮಾಡುತ್ತ ಹೊನ್ನಪ್ಪ ಕೇಳಿದ. "ಗುರುಗಳೇ, ಹಾಗಾದರೆ ಆ ಹೆಣ್ಣುಮಗಳು ಅವನನ್ನು ಕ್ಷಮಿಸಿದ್ದು ಅವನು ಬಾಯಿಬಿಟ್ಟು ಹೇಳಿದ ಮೇಲೆ, ಅಲ್ಲವೇ?"

"ಕ್ಷಮಿಸಿದ್ದು ಧಾರೆಯ ದಿನವೇ ಕಣಯ್ಯ, ಒಂದೂವರೆ ತಿಂಗಳು ತಡವಾದದ್ದು ಇವನು ಹೋಗಿ ಅದನ್ನು ಇಸಿದುಕೊಳ್ಳುವುದಕ್ಕೆ."

ಹೊನ್ನಪ್ಪ ಎದ್ದು ಅಕ್ಕನ ಮನೆಯ ಬೀದಿಯ ಕಡೆ ಹೊರಟ.