ಖುದ್ದಾಗಿ ಎತ್ತಿದ ಹೆಬ್ಬೆರಳು

ನೀರು ಸರಬರಾಜು ಕಚೇರಿಯ ಮ್ಯಾನೇಜರ್ ಜಯತೀರ್ಥರಾಯರು ರಜೆಯಲ್ಲೂ ಕಚೇರಿಯ ವಾಟ್ಸಾಪ್ ಗ್ರೂಪಿಗೆ ಹಿತವಚನ ಹಾಕುತ್ತಿದ್ದರು. ಸಿಬ್ಬಂದಿಯೆಲ್ಲ ಕೂಡಲೇ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ಗುಮಾಸ್ತ ಕೊಟ್ರೇಶಿ ಮಾತ್ರ ಮನೆ ಸೇರಿದೊಡನೆ ಮೊಬೈಲನ್ನು ಅಟ್ಟಕ್ಕೇರಿಸಿ ಹೆಂಡತಿಯೊಡನೆ ಚೌಕಾಬಾರ ಆಡುತ್ತಿದ್ದ.

"ಮೇಲಧಿಕಾರಿಗೆ ಉತ್ತರ ಕೊಡೋ ಸೌಜನ್ಯ ಇಲ್ವೇನ್ರೀ? ಇನ್ನೊಮ್ಮೆ ಹೀಗಾದರೆ ಬಡ್ತಿ ಮರೆತುಬಿಡಿ!" ಎಂದು ಒಂದು ದಿನ ಕಚೇರಿಯಲ್ಲಿ ರಾಯರು ಅವನನ್ನು ಗದರಿದರು.

"ತಪ್ಪಾಯ್ತು ಸರ್. ಇನ್ನು ತಕ್ಷಣ ಕೊಡ್ತೀನಿ," ಎಂದ ಕೊಟ್ರೇಶಿ.

ಭಾನುವಾರ ಅಟ್ಟದ ಮೇಲೆ 'ಟಿಂಗ್' ಅಂದಿತು. ಕೊಟ್ರೇಶಿ ಚಪ್ಪಲಿ ಮೆಟ್ಟಿ, ಹಿಂದಿನ ಬೀದಿಯ ರಾಯರ ಮನೆಗೆ ಹೋಗಿ ಬಾಗಿಲು ತಟ್ಟಿದ. ರಾಯರು ಕ್ಷೌರದ ನೊರೆ ಮೆತ್ತಿದ ಮುಖದಲ್ಲೇ ಬಂದರು.

"ಏನು ಕಳಿಸಿದ್ರಿ ಸರ್? ನೀವೇ ಓದಿಬಿಡಿ."

ತಬ್ಬಿಬ್ಬಾದ ರಾಯರು ಓದಿದರು: "ಸಮಯ ವ್ಯರ್ಥ ಮಾಡಬೇಡಿ."

ಕೊಟ್ರೇಶಿ ಗಂಭೀರವಾಗಿ ಹೆಬ್ಬೆರಳು ಎತ್ತಿದ. ರಾಯರ ಹೆಂಡತಿ ಕಾಫಿ ಕೊಟ್ಟರು. ಕುಡಿದು ಮನೆ ಮುಟ್ಟುವಷ್ಟರಲ್ಲಿ ಇನ್ನೊಂದು 'ಟಿಂಗ್'. ಮತ್ತೆ ಬಾಗಿಲು, ಮತ್ತೆ ಹೆಬ್ಬೆರಳು, ಮತ್ತೆ ಕಾಫಿ.

"ಮನೇಗ್ಯಾಕ್ರೀ ಬರ್ತೀರಿ?"

"ಮೇಲಧಿಕಾರಿಗೆ ಉತ್ತರ ಅಲ್ವಾ ಸರ್? ಮೊಬೈಲಲ್ಲಿ ಕೊಟ್ಟರೆ ಗೌರವ ಸಾಲದು ಅನ್ನಿಸ್ತು."

ಸಂಜೆ ರಾಯರು ಮತ್ತೆ ಮೊಬೈಲ್ ಕೈಗೆತ್ತಿಕೊಂಡರು. ಅಡುಗೆಮನೆಯಿಂದ ಹೆಂಡತಿ ಕೂಗಿದರು:

"ರೀ, ಅದನ್ನ ಕೆಳಗಿಡ್ತೀರೋ ಇಲ್ವೋ? ಹಾಲು ಮುಗಿದಿದೆ!"