ಅರ್ಧ ಉಜ್ಜಿದ ಕಲೆ

ಶಿಷ್ಯ ಕೇಳಿದ: "ಗುರುಗಳೇ, ಹತ್ತು ಜನ ತಿಳಿದವರು ಒಪ್ಪಿದ ಮಾತನ್ನು ಒಬ್ಬರೇ ಅಲ್ಲಗಳೆಯುವುದು ಅಹಂಕಾರವಲ್ಲವೇ?"

ಗುರುಗಳು ಹೇಳಿದರು:

ಒಬ್ಬ ವರ್ತಕನ ಮನೆಯಲ್ಲಿ ಹಲಸಿನ ಮರದ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ಮೇಲೆ ಕೊಡದ ತಳದಷ್ಟು ಅಗಲದ ಕಪ್ಪು ಕಲೆ. ಅದು ಹೊಸ ಸೊಸೆಯ ಕೆಲಸ ಎಂದು ಮನೆಯವರೆಲ್ಲ ನಂಬಿದ್ದರು.

ಪೆಟ್ಟಿಗೆ ವರ್ತಕನ ತಂದೆಯದು. ಮಗನ ಮದುವೆಗೆ ಮುಂಚೆ ವರ್ತಕನ ಹೆಂಡತಿ ತಾನೇ ಪಕ್ಕದಲ್ಲಿ ನಿಂತು ಅದಕ್ಕೆ ಮೆರುಗೆಣ್ಣೆ ಹಚ್ಚಿಸಿದ್ದಳು. ಒಣಗಿದ ಕೂಡಲೇ ಮೇಲೊಂದು ಜಮಖಾನ ಹಾಸಿದ್ದಳು. ಮಳೆಗಾಲ ಕಳೆದ ಮೇಲೆ ಜಮಖಾನ ತೆಗೆದಾಗ ಕಲೆ ಕಂಡಿತು. ಮನೆಗೆ ನೀರು ತರುವವಳು ಸೊಸೆ. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

"ನಾನು ಅಲ್ಲಿ ಕೊಡ ಇಟ್ಟಿಲ್ಲ" ಎಂದಳು ಸೊಸೆ.

"ಹಾಗಾದರೆ ಕೊಡವೇ ಬಾವಿಯಿಂದ ನಡೆದು ಬಂದು ಕೂತಿತು ಅನ್ನು!" ಎಂದಳು ಅತ್ತೆ. ಎಲ್ಲರೂ ನಕ್ಕರು. ಗಂಡನೂ ನಕ್ಕ.

ವರ್ತಕ ನಗಲಿಲ್ಲ. ಅವನು ನ್ಯಾಯವಂತನೆಂದು ಊರಲ್ಲಿ ಹೆಸರಿತ್ತು. ಆದ್ದರಿಂದ ವಿಚಾರಿಸದೆಯೇ ತೀರ್ಪು ಕೊಡಬಹುದಿತ್ತು.

"ಕಲೆಯ ಮಾತು ಬಿಡು. ಸುಳ್ಳು ಹೇಳುವವಳು ಈ ಮನೆಯಲ್ಲಿರಬಾರದು. ದೀಪ ಹಚ್ಚುವ ಹೊತ್ತಿಗೆ ಅದನ್ನು ನಿನ್ನ ಕೈಯಾರೆ ಉಜ್ಜಿ ತೆಗೆ. ತೆಗೆದರೆ ತಪ್ಪು ಒಪ್ಪಿದಂತೆ, ಇಲ್ಲೇ ಇರು. ತೆಗೆಯದಿದ್ದರೆ ಗಾಡಿ ಕಟ್ಟಿಸುತ್ತೇನೆ, ತವರಿಗೆ ನಡೆ."

ಸೊಸೆ ಮರಳು ಕಾಗದ ಹಿಡಿದು ಕೂತಳು. ಮೊದಲು ಉದುರಿದ್ದು ಮೆರುಗಿನ ತಿಳಿ ಪುಡಿ. ಅದು ಪೂರ್ತಿ ಹೋದ ಮೇಲೆಯೇ ಕಪ್ಪು ಪುಡಿ ಬಂತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅರ್ಧ ಕಲೆ ಹೋಯಿತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ನಿಲ್ಲಿಸಬೇಡ, ಉಜ್ಜು, ಉಜ್ಜು" ಎಂದಳು.

ಸೊಸೆಯ ಕೈ ನಿಂತಿತು. ಉಜ್ಜಿದ ಕಡೆ ತಡವಿ ನೋಡಿದಳು. ಉಜ್ಜದ ಕಡೆಯೂ ತಡವಿ ನೋಡಿದಳು. ಇನ್ನರ್ಧ ಉಜ್ಜಿದರೆ ಈ ಮನೆಯಲ್ಲಿ ಜಾಗ ಉಳಿಯುತ್ತಿತ್ತು. ಆದರೆ ಉಜ್ಜಿದಷ್ಟೂ ಅವಳ ಪರವಾಗಿದ್ದ ಒಂದೇ ಸಾಕ್ಷಿ ಪುಡಿಯಾಗಿ ಹೋಗುತ್ತಿತ್ತು. ಅವಳು ಕಾಗದ ಕೆಳಗಿಟ್ಟಳು.

ಹೊತ್ತು ಮುಳುಗಿತು. ಅಂಗಳದಲ್ಲಿ ಗಾಡಿಗೆ ಎತ್ತು ಕಟ್ಟಿದರು. ಗಂಡ ಅವಳ ಬಟ್ಟೆಯ ಗಂಟನ್ನು ತಂದು ಗಾಡಿಯಲ್ಲಿಟ್ಟ. ಆ ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡಿದ.

ವರ್ತಕ ಬಂದು ಪೆಟ್ಟಿಗೆ ನೋಡಿದ. "ಯಾಕೆ ನಿಲ್ಲಿಸಿದೆ?"

"ಮಹಾರಾಣಿಯ ಕೈ ನೋಯಿತೇನೋ" ಎಂದಳು ಅತ್ತೆ.

ಸೊಸೆ ಅತ್ತೆಯ ಕಡೆ ನೋಡಲಿಲ್ಲ. "ಮಾವ, ಉಳಿದ ಅರ್ಧದ ಮೇಲೆ ಬೆರಳಾಡಿಸಿ. ಗಾಜಿನಂತೆ ನುಣುಪಾಗಿದೆ. ಮೇಲಿನ ಮೆರುಗು ಕೆಡದೆ ನನ್ನ ಕೊಡದ ನೀರು ಅಡಿಯ ಮರಕ್ಕೆ ಹೇಗೆ ಇಳಿಯಿತು?"

ವರ್ತಕ ಬೆರಳಾಡಿಸಿದ. ಇನ್ನೊಮ್ಮೆ ಆಡಿಸಿದ. ಹೆಂಡತಿಯ ಕಡೆ ತಿರುಗಿದ. ಅವಳು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋಗಿಬಿಟ್ಟಿದ್ದಳು.

"ಎತ್ತು ಬಿಚ್ಚಿ" ಎಂದ.

ಕಲೆ ಯಾರದು ಎಂದು ಆಮೇಲೆ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆ ಪೆಟ್ಟಿಗೆಯ ಮೇಲೆ ಮತ್ತೆ ಜಮಖಾನ ಹಾಸಿದಳು. ಸೊಸೆ ದಿನವೂ ಅದನ್ನು ತೆಗೆದು ಮಡಿಸಿಡುತ್ತಿದ್ದಳು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಮನೆಯ ಹಿರಿಯರು, ಕೈಹಿಡಿದ ಗಂಡ, ನ್ಯಾಯವಂತನೆನಿಸಿದ ಮಾವ, ಇಷ್ಟು ಜನರೂ ಒಪ್ಪಿದ್ದರಲ್ಲ?"

"ಒಪ್ಪಿದ್ದರು" ಎಂದರು ಗುರುಗಳು. "ಮದುವೆಗೆ ಮುಂಚೆ ಹಚ್ಚಿದ ಮೆರುಗು ಕಲೆಯ ಮೇಲಿತ್ತು."